ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ

ಶಿರಸಿ–ಕುಮಟಾ ರಸ್ತೆಯಲ್ಲಿ ಓಡಾಡುವವರಿಗೆ ದೇವಿಮನೆ ಘಟ್ಟವನ್ನು ಪರಿಚಯಿಸಬೇಕಾಗಿಲ್ಲ. ಬಂಡಲ ದಾಟಿ ಕಾಡು ದಟ್ಟವಾಗುತ್ತ ಹೋದಂತೆ ಫೋನಿನ ಕಡ್ಡಿಗಳು ಒಂದೊಂದಾಗಿ ಉದುರಿ, ದೇವಸ್ಥಾನದ ಎದುರು ಗಾಡಿ ನಿಲ್ಲಿಸಿ ಕೈಮುಗಿಯುವ ಹೊತ್ತಿಗೆ ಒಂದೂ ಉಳಿಯದೆ, ಘಟ್ಟ ಇಳಿದು ಕತಗಾಲ ಹತ್ತಿರವಾದಾಗ ಮತ್ತೆ ಚಿಗುರಿಕೊಳ್ಳುವುದು ಬಹುಕಾಲ ನಮಗೆ ರೂಢಿಯ ಸಂಗತಿಯಾಗಿತ್ತು. ಆ ನಡುವಿನ ಹೊತ್ತಿನಲ್ಲಿ ಯಾರಾದರೂ ನನಗೆ ಫೋನ್ ಮಾಡಿದರೆ ಅವರಿಗೆ ಕೇಳುತ್ತಿದ್ದುದು ಒಂದೇ ಮಾತು: ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಈ ಮಾತನ್ನು ಕೇಳಿ ಮುನಿಸಿಕೊಂಡವರನ್ನು ನಾನು ಕಂಡಿಲ್ಲ. ಫೋನ್ ಎತ್ತದಿದ್ದರೆ ಬೇಸರ ಮಾಡಿಕೊಳ್ಳುವವರು, ಕಟ್ ಮಾಡಿದರೆ ಸಿಟ್ಟಾಗುವವರು, ಸ್ವಿಚ್ ಆಫ್ ಎಂದು ಬಂದರೆ ಗಾಬರಿಯಾಗುವವರು ಎಲ್ಲರೂ ಇದ್ದಾರೆ. ಆದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದವನ ಮೇಲೆ ಮಾತ್ರ ಯಾರಿಗೂ ತಕರಾರಿಲ್ಲ. "ಘಟ್ಟದಲ್ಲಿರಬೇಕು, ಟವರ್ ಇಲ್ಲ" ಎಂದು ಮನೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡು ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು.

ಈಗ ಘಟ್ಟದ ಕೆಲವು ತಿರುವುಗಳಲ್ಲಿ ಎರಡು ಕಡ್ಡಿ ಕಾಣಿಸುತ್ತವೆ. ಅದರಿಂದ ಉಪಕಾರವಾಗಿಲ್ಲ ಎಂದು ನಾನು ಹೇಳಲಾರೆ. ಮಳೆಗಾಲದ ರಾತ್ರಿ ಮರ ಬಿದ್ದು ಗಾಡಿಗಳು ಸಾಲುಗಟ್ಟಿ ನಿಂತಾಗ ಆ ಎರಡು ಕಡ್ಡಿಗಳ ಬೆಲೆ ಗೊತ್ತಾಗುತ್ತದೆ. ಆದರೆ ಅವು ಬಂದ ಹೊಸತರಲ್ಲೇ, ಎದುರಿನಿಂದ ಬರುವ ಲಾರಿಯ ಮೂತಿ ಕಂಡ ಮೇಲೆಯೇ ಲಾರಿ ಇದೆಯೆಂದು ತಿಳಿಯುವಂಥ ಒಂದು ಸುತ್ತಿನಲ್ಲಿ ನನ್ನ ಫೋನು ಮೊದಲ ಸಲ ಬಾರಿಸಿತು, ಮತ್ತು ನಾನು ಎತ್ತಿದೆ. ಊರಿನ ಮಾವ. "ಹಲೋ, ಎಲ್ಲಿದ್ದೆ? ಇವತ್ತು ಚಾಲಿ ಎಷ್ಟಕ್ಕೆ ಹೋತಡ?" ಎಂದು ಕೇಳಿದರು. ಒಂದು ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತ ಚಾಲಿ ಅಡಿಕೆಯ ರೇಟನ್ನು ನೆನಪಿಸಿಕೊಳ್ಳಲು ಯತ್ನಿಸಿದ ಆ ಗಳಿಗೆಯನ್ನು ನೆನೆದರೆ ಇಂದಿಗೂ ಮೈ ಬೆವರುತ್ತದೆ. ಹಿಂದಿನ ವಾರ ಅದೇ ತಿರುವಿನಲ್ಲಿ ನಾನು ಕಾನೂನು ಪಾಲಿಸುವ ಒಳ್ಳೆಯ ಚಾಲಕನಾಗಿದ್ದೆ; ಟವರ್ ಇಲ್ಲದಿದ್ದುದೊಂದೇ ಅದಕ್ಕೆ ಕಾರಣವಾಗಿತ್ತು. ಗಾಡಿ ಹೊಡೆಯುವಾಗ ಫೋನ್ ಬಳಸುವುದನ್ನು ತಂತ್ರಜ್ಞಾನದಿಂದ ತಡೆಯುವ ಬಗ್ಗೆ ಓದಿದಾಗಲೆಲ್ಲ ನನಗೆ ಈ ತಿರುವೇ ಕಣ್ಣಮುಂದೆ ಬರುತ್ತದೆ. ನನ್ನನ್ನು ಇಷ್ಟು ವರ್ಷ ಕಾಯ್ದಿದ್ದು ಟವರ್ ಇಲ್ಲದ ಕಾಡು. ಅದು ಮಾಡುತ್ತಿದ್ದ ಕೆಲಸವನ್ನು ಯಂತ್ರವೊಂದು ಮಾಡಬಲ್ಲುದೇ ಎಂಬುದು ನನ್ನ ಪ್ರಶ್ನೆ.

ಟೆಂಪೋದ ಅಜ್ಜಿ

ಕೆಲವು ವರ್ಷಗಳ ಹಿಂದೆ ಕುಮಟಾದಿಂದ ಹೊನ್ನಾವರಕ್ಕೆ ಟೆಂಪೋದಲ್ಲಿ ಹೋಗುತ್ತಿದ್ದೆ. ಸಂಜೆಯ ಹೊತ್ತು, ಒಳಗೆ ಕಾಲಿಡಲು ಜಾಗವಿಲ್ಲ. ಚಾಲಕನಿಗೆ ಇಪ್ಪತ್ತೈದು ವರ್ಷವಿದ್ದೀತು. ಹಳದೀಪುರ ಬರುವಷ್ಟರಲ್ಲಿ ಅವನಿಗೆ ಮೂರು ಫೋನ್ ಬಂದಿದ್ದವು, ಮೂರನ್ನೂ ಭುಜ ಮತ್ತು ಕಿವಿಯ ನಡುವೆ ಸಿಕ್ಕಿಸಿಕೊಂಡು, ತಲೆಯನ್ನು ಒಂದು ಕಡೆಗೆ ಓರೆ ಮಾಡಿಕೊಂಡೇ ಮಾತನಾಡಿದ್ದ. ಹಿಂದೆ ಕುಳಿತ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಬಾಯಿ ಬಿಡಲಿಲ್ಲ. ಹೇಳಿದರೆ ಅವನಿಗೆ ಸಿಟ್ಟು ಬಂದು ಇನ್ನಷ್ಟು ಜೋರಾಗಿ ಹೊಡೆದಾನು ಎಂಬ ಹೆದರಿಕೆಯೂ ಇತ್ತು, ಹೇಳಲು ನಾವು ಯಾರು ಎಂಬ ದಾಕ್ಷಿಣ್ಯವೂ ಇತ್ತು.

ನಾಲ್ಕನೆಯ ಸಲ ಫೋನ್ ಬಾರಿಸಿದಾಗ ಅವನ ಪಕ್ಕದ ಸೀಟಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅಜ್ಜಿಯೊಬ್ಬಳು ಕೈ ಚಾಚಿದಳು. "ತಮ್ಮಾ, ಇತ್ಲಾಗೆ ಕೊಡು ಅದ್ನ." ಬೈಗುಳವಿಲ್ಲ, ಬುದ್ಧಿಮಾತಿಲ್ಲ; ಮೊಮ್ಮಗನ ಕೈಯಿಂದ ಕತ್ತಿ ಇಸಿದುಕೊಳ್ಳುವಾಗಿನ ದನಿ. ಅವನು ಏನು ಮಾಡಬೇಕೆಂದು ತಿಳಿಯದೆ ಕೊಟ್ಟುಬಿಟ್ಟ. ಅಜ್ಜಿ ಫೋನನ್ನು ಕಿವಿಗಿಟ್ಟುಕೊಂಡು, ಆ ತಲೆಮಾರಿನವರು ದೂರದವರ ಜೊತೆ ಮಾತನಾಡುವ ಎತ್ತರದ ದನಿಯಲ್ಲಿ, "ಅಂವ ಗಾಡಿ ಹೊಡೀತಾ ಇದ್ದ. ಹೊನ್ನಾವರ ಬಂದ್ಮೇಲೆ ಅಂವ್ನೇ ಮಾಡ್ತ. ಜರೂರಿದ್ರೆ ನಂಗೆ ಹೇಳು, ನಾ ಹೇಳ್ತೆ" ಎಂದಳು. ಆ ಕಡೆಯವರು ಏನೋ ಹೇಳಿದರು. "ಬರ್ವಾಗ ಮೀನು ತರ್ಬೇಕಂತೆ" ಎಂದು ಅವಳು ಇಡೀ ಟೆಂಪೋಗೆ ಕೇಳುವಂತೆ ವರದಿ ಒಪ್ಪಿಸಿದಳು. ಎಲ್ಲರೂ ನಕ್ಕರು, ಚಾಲಕನೂ ನಕ್ಕ. ಫೋನು ಅಜ್ಜಿಯ ಬುಟ್ಟಿಯಲ್ಲಿ ಬಾಳೆಲೆಯ ಮೇಲೆ ಕುಳಿತು ಕರ್ಕಿ ದಾಟಿ ಹೊನ್ನಾವರ ಮುಟ್ಟಿತು. ನಡುವೆ ಮತ್ತೊಂದು ಕರೆ ಬಂತು. ಅದನ್ನೂ ಅವಳೇ ವಿಲೇವಾರಿ ಮಾಡಿದಳು.

ಆ ದಿನ ಅದು ನನಗೆ ತಮಾಷೆಯ ಪ್ರಸಂಗವಾಗಿ ಕಂಡಿತ್ತು. ಈಚೆಗೆ ಈ ವಿಷಯದ ಬಗ್ಗೆ ಓದುತ್ತ ಹೋದಂತೆ, ಅಜ್ಜಿ ಅರೆ ನಿಮಿಷದಲ್ಲಿ ಮಾಡಿದ ನಾಲ್ಕು ಕೆಲಸಗಳ ಹಿಂದೆ ದೊಡ್ಡ ದೊಡ್ಡ ಕಂಪನಿಗಳು ಹದಿನೈದು ವರ್ಷಗಳಿಂದ ಬಿದ್ದಿವೆ ಎಂಬುದು ಅರಿವಿಗೆ ಬಂತು. ಫೋನು ಚಾಲಕನದೇ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಅವನ ಕೈಗೆಟುಕದಂತೆ ಇಟ್ಟಳು. ಕರೆ ಮಾಡಿದವರಿಗೆ ಕಾರಣ ಹೇಳಿದಳು. ತುರ್ತು ಸುದ್ದಿಯಾಗಿದ್ದರೆ ಒಳಗೆ ಬಿಡಲು ಬಾಗಿಲನ್ನು ಓರೆಯಾಗಿಟ್ಟಳು.

ಕಿವಿಯೂ ಕಣ್ಣೂ

ಟೆಂಪೋ ಚಾಲಕ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದರೆ ಅಜ್ಜಿ ಕೈ ಚಾಚುತ್ತಿರಲಿಲ್ಲ, ನಾವೂ ಮುಖ ನೋಡಿಕೊಳ್ಳುತ್ತಿರಲಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲಿದ್ದರೆ ಸಾಕು ಎಂಬ ನಂಬಿಕೆ ನಮ್ಮೆಲ್ಲರಲ್ಲೂ ಇದೆ. ಬ್ಲೂಟೂತ್ ಇರುವ ಕಾರು ಕೊಂಡ ದಿನ ನನಗೂ ಪಾಪಮುಕ್ತನಾದ ಭಾವನೆ ಬಂದಿತ್ತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಂಗಡಿಗರು 2001ರಿಂದ ಪ್ರಕಟಿಸುತ್ತ ಬಂದ ಪ್ರಯೋಗಗಳು ಆ ಭಾವನೆಯನ್ನು ಕದಡುತ್ತವೆ. ಫೋನು ಕೈಯಲ್ಲಿರಲಿ, ಇಲ್ಲದಿರಲಿ, ಮಾತಿನಲ್ಲಿ ಮುಳುಗಿದ ಚಾಲಕನ ಪ್ರತಿಕ್ರಿಯೆ ಒಂದೇ ರೀತಿಯಲ್ಲಿ ನಿಧಾನವಾಗುತ್ತದೆ ಎಂಬುದು ಅವರ ಕಾಣ್ಕೆ. ಕಣ್ಣು ನೇರವಾಗಿ ಮುಂದಿನ ವಸ್ತುವಿನ ಮೇಲೆಯೇ ನೆಟ್ಟಿದ್ದರೂ, ಆಮೇಲೆ ಕೇಳಿದರೆ ಚಾಲಕನಿಗೆ ಅದನ್ನು ಕಂಡ ನೆನಪೇ ಇರುವುದಿಲ್ಲ. ನಮ್ಮ ಹಿರಿಯರು "ಕಣ್ಣಿದ್ದೂ ಕುರುಡ" ಎಂದು ಬೈಯುತ್ತಿದ್ದುದು ಬರಿಯ ಬೈಗುಳವಾಗಿರಲಿಲ್ಲ.

ಹಾಗಾದರೆ ಪಕ್ಕದಲ್ಲಿ ಕುಳಿತವರೊಡನೆ ಮಾತನಾಡುವುದೂ ಅಷ್ಟೇ ಅಪಾಯವೇ? ಇದನ್ನೂ ಅವರು 2008ರಲ್ಲಿ ಪರೀಕ್ಷಿಸಿದರು. ಗಾಡಿ ಹೊಡೆಯುವಂತೆಯೇ ಭಾಸವಾಗುವ ಯಂತ್ರದಲ್ಲಿ ಚಾಲಕರನ್ನು ಕೂರಿಸಿ, ಹರಟೆ ಹೊಡೆಯುತ್ತಲೇ ಹೆದ್ದಾರಿಯಲ್ಲಿ ಸಾಗಿ ಒಂದು ತಂಗುದಾಣದ ಬಳಿ ಹೊರಳಬೇಕೆಂದು ಹೇಳಲಾಯಿತು. ಫೋನಿನಲ್ಲಿ ಹರಟುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಹೊರಳುವುದನ್ನು ಮರೆತು ಮುಂದೆ ಹೋದರು. ಪಕ್ಕದಲ್ಲಿದ್ದ ಗೆಳೆಯನೊಡನೆ ಹರಟುತ್ತಿದ್ದವರಲ್ಲಿ ಹೆಚ್ಚಿನವರು ಸರಿಯಾಗಿ ಹೊರಳಿದರು. ಪಕ್ಕದವನಿಗೆ ರಸ್ತೆ ಕಾಣುತ್ತದೆ. ವಾಹನ ದಟ್ಟಣೆ ಹೆಚ್ಚಾದಾಗ ಅವನು ಮಾತು ಕಡಿಮೆ ಮಾಡುತ್ತಾನೆ, "ಅಲ್ಲಿ ನೋಡು, ತಿರುವು ಬಂತು" ಎನ್ನುತ್ತಾನೆ. ದೇವಿಮನೆಯ ಸುತ್ತುಗಳಲ್ಲಿ ನನ್ನ ಪಕ್ಕ ಕೂರುವ ಯಾರೇ ಆಗಲಿ, ಎದುರಿಗೆ ಲಾರಿ ಕಂಡೊಡನೆ ವಾಕ್ಯದ ನಡುವೆಯೇ ನಿಲ್ಲಿಸುತ್ತಾರೆ. ಲಾರಿ ದಾಟಿದ ಮೇಲೆ "ಅದೇ, ಎಂತ ಹೇಳ್ತಿದ್ದೆ..." ಎಂದು ಮುಂದುವರಿಸುತ್ತಾರೆ. ಚಾಲಿ ರೇಟು ಕೇಳಿದ ಮಾವನಿಗೆ ಲಾರಿ ಕಾಣುತ್ತಿರಲಿಲ್ಲ. ಕಂಡಿದ್ದರೆ ಅವರೂ ಸುಮ್ಮನಾಗುತ್ತಿದ್ದರು. ಕರೆ ಮಾಡುವವರು ಕೆಟ್ಟವರೇನಲ್ಲ, ಅವರಿಗೆ ನಮ್ಮ ರಸ್ತೆ ಕಾಣುವುದಿಲ್ಲ ಅಷ್ಟೆ.

ಫೋನು ಯಾರದು?

ಗಾಡಿ ಓಡುತ್ತಿದೆಯೆಂದು ತಿಳಿಯುವುದು ಫೋನಿಗೆ ಕಷ್ಟದ ಕೆಲಸವಲ್ಲ. ಜಿಪಿಎಸ್ ವೇಗ ಹೇಳುತ್ತದೆ, ಒಳಗಿನ ಚಲನೆಯ ಸಂವೇದಕ ಕುಲುಕಾಟ ಹೇಳುತ್ತದೆ, ಕಾರಿನ ಬ್ಲೂಟೂತ್ ಕೂಡಿಕೊಂಡರೆ ಅನುಮಾನವೇ ಉಳಿಯುವುದಿಲ್ಲ. ಇವುಗಳ ಆಧಾರದ ಮೇಲೆ 2017ರಲ್ಲಿ ಆಪಲ್ ತನ್ನ ಐಫೋನುಗಳಿಗೆ, ಅದೇ ವರ್ಷ ಗೂಗಲ್ ತನ್ನ ಪಿಕ್ಸೆಲ್ 2 ಫೋನಿಗೆ, ಚಾಲನೆಯ ವೇಳೆ ತಾನಾಗಿಯೇ ಮೌನವಾಗುವ ವ್ಯವಸ್ಥೆಯನ್ನು ಕೊಟ್ಟವು. ಕಗ್ಗಂಟಿರುವುದು ಬೇರೆ ಕಡೆ. ಗಾಡಿಯಲ್ಲಿ ಮೂವತ್ತು ಜನರಿದ್ದರೆ ಮೂವತ್ತು ಫೋನುಗಳೂ ಅದೇ ವೇಗದಲ್ಲಿ ಓಡುತ್ತಿರುತ್ತವೆ. ಅದರಲ್ಲಿ ಚಾಲಕನದು ಯಾವುದು?

ಐಫೋನಿನ ಉತ್ತರ ಸರಳವಾಗಿದೆ: ಪರದೆಯ ಮೇಲೆ "ನಾನು ಗಾಡಿ ಓಡಿಸುತ್ತಿಲ್ಲ" ಎಂಬ ಗುಂಡಿಯಿರುತ್ತದೆ, ಒತ್ತಿದರೆ ಮುಗಿಯಿತು. ಅಷ್ಟೆಲ್ಲ ಸಂವೇದಕಗಳ ಲೆಕ್ಕಾಚಾರ ಕೊನೆಗೆ ಬಂದು ನಿಲ್ಲುವುದು ಮನುಷ್ಯನ ಪ್ರಾಮಾಣಿಕತೆಯ ಬಾಗಿಲಿನಲ್ಲಿ. ಬಸ್ಸಿನ ಕಿಟಕಿ ಪಕ್ಕ ಕುಳಿತು ಆ ಗುಂಡಿಯನ್ನು ನಾನು ಎಷ್ಟೋ ಸಲ ಪ್ರಾಮಾಣಿಕವಾಗಿ ಒತ್ತಿದ್ದೇನೆ, ಹಾಗಾಗಿ ಕಾರಿನಲ್ಲಿ ಒತ್ತುವುದೂ ಬೆರಳಿಗೆ ಅಭ್ಯಾಸವಾಗಿಬಿಟ್ಟಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇದಕ್ಕಿಂತ ಜಾಣತನದ ಉಪಾಯಗಳೂ ಇವೆ. ಅವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು 2011ರಲ್ಲಿ ಅಮೆರಿಕದ ರಟ್ಗರ್ಸ್ ಮತ್ತು ಸ್ಟೀವನ್ಸ್ ಸಂಸ್ಥೆಗಳ ಸಂಶೋಧಕರು ಪ್ರಕಟಿಸಿದ್ದು. ಕಾರಿನ ಎಡ ಬಲದ ಸ್ಪೀಕರ್‌ಗಳಿಂದ ಒಂದಾದ ಮೇಲೊಂದರಂತೆ ಮನುಷ್ಯರ ಕಿವಿಗೆ ಅಷ್ಟಾಗಿ ತಿಳಿಯದ ಕೀರಲು ಸದ್ದು ಹೊರಡಿಸಿ, ಅದು ಫೋನಿನ ಮೈಕಿಗೆ ಎಷ್ಟು ಬೇಗ ತಲುಪಿತು ಎಂದು ಅಳೆಯುವುದು. ಸದ್ದಿಗೆ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಬಲಗಡೆಯ ಸ್ಪೀಕರಿನ ಸದ್ದು ಮೊದಲು ಬಂದರೆ ಫೋನು ಬಲಗಡೆ ಇದೆ ಎಂದರ್ಥ, ನಮ್ಮ ದೇಶದಲ್ಲಾದರೆ ಅದು ಚಾಲಕನ ಬದಿ. ಬಾವಲಿ ಕತ್ತಲಲ್ಲಿ ದಾರಿ ಹುಡುಕುವ ಕ್ರಮವನ್ನು ನೆನಪಿಸುವ ಈ ಉಪಾಯದ ಸೊಗಸಿಗೆ ತಲೆದೂಗಿದೆ. ಆಮೇಲೆ ನಮ್ಮ ರಸ್ತೆಯನ್ನು ನೆನೆದೆ. ಸ್ಕೂಟಿಗೆ ಸ್ಪೀಕರಿಲ್ಲ. ಟೆಂಪೋದ ಸ್ಪೀಕರಿನಲ್ಲಿ ಯಕ್ಷಗಾನದ ಹಾಡು ಹೋಗುತ್ತಿರುತ್ತದೆ. ಅಡಿಕೆ ಹೇರಿದ ಗೂಡ್ಸ್ ರಿಕ್ಷಾಕ್ಕೆ ಎಡವೂ ಇಲ್ಲ, ಬಲವೂ ಇಲ್ಲ, ಚಾಲಕನ ಸೀಟು ನಡುವೆ.

ಆಪಲ್ 2008ರಲ್ಲೇ ಪೇಟೆಂಟ್ ಒಂದಕ್ಕೆ ಅರ್ಜಿ ಹಾಕಿತ್ತು, 2014ರಲ್ಲಿ ಅದು ಮಂಜೂರಾಯಿತು. ಚಲನೆಯನ್ನೂ ಸುತ್ತಲಿನ ದೃಶ್ಯವನ್ನೂ ವಿಶ್ಲೇಷಿಸಿ, ಹಿಡಿದವನು ಚಾಲಕನ ಜಾಗದಲ್ಲಿದ್ದಾನೆಯೇ ಎಂದು ಊಹಿಸಿ ಫೋನನ್ನು ಬೀಗ ಹಾಕುವ ಕಲ್ಪನೆ ಅದರಲ್ಲಿದೆ. ಅದೇ 2014ರ ಡಿಸೆಂಬರ್ 24ರಂದು ಟೆಕ್ಸಾಸ್‌ನಲ್ಲಿ ವೀಡಿಯೊ ಕರೆಯಲ್ಲಿದ್ದನೆನ್ನಲಾದ ಚಾಲಕನೊಬ್ಬನ ಗಾಡಿ ಗುದ್ದಿ ಐದು ವರ್ಷದ ಮಗು ತೀರಿಕೊಂಡಿತು. ಉಪಾಯ ನಿಮ್ಮ ಕಪಾಟಿನಲ್ಲಿದ್ದೂ ಯಾಕೆ ಬಳಸಲಿಲ್ಲ ಎಂದು ಆ ಕುಟುಂಬ ಕಂಪನಿಯ ಮೇಲೆ ದಾವೆ ಹೂಡಿತು. ಚಾಲಕನ ತಪ್ಪಿಗೂ ಫೋನು ತಯಾರಿಸಿದವರಿಗೂ ನಡುವಿನ ಕೊಂಡಿ ತೀರ ದೂರದ್ದು ಎಂದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಹೇಳಿತು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಆದರೂ ಆ ಪೇಟೆಂಟಿನ ಕಾಗದದ ಬಗ್ಗೆ ಓದಿದ ಮೇಲೆ ಒಂದು ಅಸಮಾಧಾನ ಉಳಿಯುತ್ತದೆ.

ಇಲ್ಲೊಂದು ಪಕ್ಕದ ಕತೆ ಹೇಳಿಬಿಡಬೇಕು. ಘಟ್ಟದ ಟವರ್ ಇಲ್ಲದ ಸುಖವನ್ನು ಕಾರಿನೊಳಗೇ ಹೊತ್ತೊಯ್ದರೆ ಹೇಗೆ ಎಂದು ನನಗೂ ಹೊಳೆದಿತ್ತು. ನನಗಿಂತ ಮೊದಲೇ ಫ್ಲೋರಿಡಾದ ಒಬ್ಬನಿಗೆ ಹೊಳೆದಿತ್ತು. ರಸ್ತೆಯಲ್ಲಿ ಫೋನಿನಲ್ಲಿ ಮಾತನಾಡುವವರನ್ನು ಕಂಡು ರೋಸಿ, ಅವನು ತನ್ನ ಕಾರಿನ ಸೀಟಿನಲ್ಲಿ ಸುತ್ತಲಿನ ಫೋನುಗಳಿಗೆ ಟವರ್ ಸಿಗದಂತೆ ಮಾಡುವ ಜಾಮರ್ ಅಡಗಿಸಿಕೊಂಡು ಒಂದೂವರೆ ಎರಡು ವರ್ಷ ಆಫೀಸಿಗೆ ಓಡಾಡಿದ. ಬೆಳಿಗ್ಗೆ ಮತ್ತು ಸಂಜೆ ಒಂದೇ ಹೊತ್ತಿಗೆ ಹೆದ್ದಾರಿ ಬದಿಯ ಟವರುಗಳು ಕೈಕೊಡುತ್ತಿವೆಯೆಂದು ಮೊಬೈಲ್ ಕಂಪನಿಯೊಂದು ದೂರು ಕೊಟ್ಟಾಗ ಸಿಕ್ಕಿಬಿದ್ದ. ಅವನನ್ನು ಹಿಡಿಯಲು ಹೋದ ಪೊಲೀಸರ ವೈರ್‌ಲೆಸ್ ಕೂಡ ಕೆಲಸ ಮಾಡಲಿಲ್ಲ. 2014ರಲ್ಲಿ ಅವನಿಗೆ 48,000 ಡಾಲರ್ ದಂಡದ ನೋಟಿಸ್ ಹೋಯಿತು. ನಮ್ಮ ದೇಶದಲ್ಲೂ ಖಾಸಗಿಯವರು ಜಾಮರ್ ಬಳಸುವಂತಿಲ್ಲ, ಬಳಸಲೂಬಾರದು. ಪಕ್ಕದಲ್ಲಿ ಹೋಗುತ್ತಿರುವ ಆಂಬುಲೆನ್ಸಿನವರಿಗೆ ಆಸ್ಪತ್ರೆಯನ್ನು ಕರೆಯುವುದಿರುತ್ತದೆ.

ಕತಗಾಲದ ದನ

ಜುಲೈ ತಿಂಗಳ ಒಂದು ಸೋಮವಾರ, ಮುಸ್ಸಂಜೆ. ಅಂದು ಘಟ್ಟ ಇಳಿಯುವಾಗ ಎಲ್ಲಿಯೂ ಕಡ್ಡಿ ಇರಲಿಲ್ಲ, ಮಳೆಯ ಹೊಡೆತಕ್ಕೆ ಇದ್ದ ಟವರೂ ಮಲಗಿದ್ದಿರಬೇಕು. ನಾನು ನೆಮ್ಮದಿಯಿಂದ ಗಾಡಿ ಹೊಡೆಯುತ್ತಿದ್ದೆ. ಸುತ್ತುಗಳು ಮುಗಿದು ರಸ್ತೆ ನೇರವಾಗಿ, ವೇಗ ಅರುವತ್ತರ ಹತ್ತಿರ ಬಂದಿತ್ತು. ಕತಗಾಲಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ಫೋನಿಗೆ ಜೀವ ಬಂತು. ಘಟ್ಟದುದ್ದಕ್ಕೂ ಕಾದು ನಿಂತಿದ್ದ ಮೆಸೇಜುಗಳೆಲ್ಲ ಒಮ್ಮೆಲೇ ನುಗ್ಗಿದವು. ಟಿಣ್ ಟಿಣ್ ಟಿಣ್ ಎಂಬ ಸದ್ದು ನಿಲ್ಲಲೇ ಇಲ್ಲ. ಏನೋ ಆಗಿದೆ ಎಂದು ಎದೆ ಧಸಕ್ಕೆಂದಿತು. ಒಬ್ಬರಿಗೆ ಒಂದೇ ಹೊತ್ತಿಗೆ ಅಷ್ಟು ಮೆಸೇಜು ಬರಬೇಕಾದರೆ ಯಾರಿಗಾದರೂ ಏನಾದರೂ ಆಗಿರಲೇಬೇಕು ಎಂದು ಮನಸ್ಸು ಲೆಕ್ಕ ಹಾಕಿತು. ಗೇರಿನ ಹಿಂದಿನ ತಟ್ಟೆಯಲ್ಲಿದ್ದ ಫೋನನ್ನು ಕೈಗೆತ್ತಿಕೊಳ್ಳಲಿಲ್ಲ, ಸುಮ್ಮನೆ ಕಣ್ಣು ಕೆಳಗಿಳಿಸಿ ಪರದೆಯ ಮೇಲಿನ ಹೆಸರುಗಳನ್ನು ಓದಿದೆ.

ಮಳೆಗಾಲದಲ್ಲಿ ಕೊಟ್ಟಿಗೆಗಿಂತ ಡಾಂಬರು ರಸ್ತೆ ದನಗಳಿಗೆ ಹಿತ. ನೆಲ ಬೆಚ್ಚಗಿರುತ್ತದೆ, ಉಣುಗು ನೊಣಗಳ ಕಾಟ ಕಡಿಮೆ. ಅದು ಗೊತ್ತಿಲ್ಲದ ಚಾಲಕ ನಮ್ಮ ಜಿಲ್ಲೆಯಲ್ಲಿಲ್ಲ. ನಾನು ತಲೆಯೆತ್ತಿದಾಗ ಒದ್ದೆಯಾದ ಕಪ್ಪು ರಸ್ತೆಯ ಮೇಲೆ ಒದ್ದೆಯಾದ ಕಪ್ಪು ದನವೊಂದು ಮೆಲುಕು ಹಾಕುತ್ತ ಮಲಗಿತ್ತು. ಅದರ ಕಣ್ಣುಗಳಲ್ಲಿ ನನ್ನ ಹೆಡ್‌ಲೈಟು ಎರಡು ಹಸಿರು ಚುಕ್ಕಿಗಳಾಗಿ ಹೊಳೆದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ. ಬ್ರೇಕ್ ತುಳಿದೆ, ಗಾಡಿ ಜಾರಿ ಎಡಕ್ಕೆ ಹೊರಳಿ ಚರಂಡಿಯ ಅಂಚಿನ ಮಣ್ಣಿಗೆ ಮುಂದಿನ ಚಕ್ರ ಹೂತುಕೊಂಡು ನಿಂತಿತು. ದನ ಏಳಲಿಲ್ಲ. ಒಮ್ಮೆ ನನ್ನ ಕಡೆ ನೋಡಿ ಮೆಲುಕು ಮುಂದುವರಿಸಿತು.

ಅರುವತ್ತರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ನಾನು ಮೂರು ಸೆಕೆಂಡು ಕೆಳಗೆ ನೋಡಿದ್ದರೆ ಐವತ್ತು ಮೀಟರ್ ರಸ್ತೆಯನ್ನು ಕಣ್ಣುಮುಚ್ಚಿ ದಾಟಿದ್ದೇನೆ. ನಮ್ಮ ಮನೆಯ ಅಂಗಳದ ತುದಿಯಿಂದ ತೋಟದ ದಣಪೆಯವರೆಗಿನ ದೂರ ಅಷ್ಟೇ ಇದೆ. ಕತ್ತಲಲ್ಲಿ ನಡೆದುಕೊಂಡು ಹೋಗಲೂ ಅಲ್ಲಿಗೆ ಬ್ಯಾಟರಿ ಹಿಡಿಯುತ್ತೇನೆ. ಅಂದಹಾಗೆ, ಬಂದಿದ್ದ ಮೆಸೇಜುಗಳು ಕುಟುಂಬದ ಗುಂಪಿನವು. ಯಾರದೋ ಮಗಳಿಗೆ ಸಂಗೀತ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಿತ್ತು, ಇಪ್ಪತ್ಮೂರು ಜನ ಅಭಿನಂದಿಸಿದ್ದರು.

ಚಕ್ರವನ್ನು ಎಬ್ಬಿಸಲು ಊರಿನವರು ಬರುವವರೆಗೆ ಮಳೆಯಲ್ಲಿ ನಿಂತು ಯೋಚಿಸುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಘಟ್ಟದ ಮೌನವನ್ನು ನಾನು ಹೊಗಳುವುದು ಪೂರ್ತಿ ಸರಿಯಲ್ಲ. ಕಾಡು ಕರೆಗಳನ್ನು ತಡೆದಿಡುತ್ತದೆ, ಆದರೆ ಎಲ್ಲಿ ಬಿಡಬೇಕೆಂದು ಅದಕ್ಕೆ ಗೊತ್ತಿಲ್ಲ. ಕಡ್ಡಿ ಬಂದ ಜಾಗದಲ್ಲಿ, ರಸ್ತೆ ನೇರವಾಗಿ ವೇಗ ಏರುವ ಜಾಗದಲ್ಲಿಯೇ, ಅಷ್ಟನ್ನೂ ಒಮ್ಮೆಗೇ ಸುರಿದುಬಿಡುತ್ತದೆ. ಫೋನಿನ ಚಾಲನಾ ಮೋಡು ಕಾಡಿಗಿಂತ ಮೇಲೆಂದು ನಾನು ಒಪ್ಪಿದ್ದು ಈ ಒಂದು ಕಾರಣಕ್ಕೆ. ಅದು ಟವರ್ ಬಂದಾಗ ಬಿಡುವುದಿಲ್ಲ, ಗಾಡಿ ನಿಂತಾಗ ಬಿಡುತ್ತದೆ. ಅಂದಿನಿಂದ ದೇವಿಮನೆಯ ದೇವಸ್ಥಾನದ ಎದುರು ಕೈಮುಗಿದ ಮೇಲೆ ನನ್ನ ಫೋನು ಡ್ಯಾಶ್‌ಬೋರ್ಡಿನ ಖಾನೆಯೊಳಗೆ ಹೋಗಿ ಕುಮಟಾದಲ್ಲಿಯೇ ಹೊರಬರುತ್ತದೆ.

ಕ್ಯಾಮೆರಾ ಕಂಡದ್ದು

ದಂಡದ ಮಾತನ್ನು ಬೇಗ ಮುಗಿಸುತ್ತೇನೆ. 2019ರ ತಿದ್ದುಪಡಿಯಿಂದ ಕೈಯಲ್ಲಿ ಫೋನು ಹಿಡಿದು ಚಾಲನೆ ಮಾಡುವುದು ಮೋಟಾರು ವಾಹನ ಕಾಯ್ದೆಯ 184ನೆಯ ಕಲಮಿನಡಿ ಅಪಾಯಕಾರಿ ಚಾಲನೆಯಾಗಿದೆ. ಕೇಂದ್ರದ ಕಾಯ್ದೆ ಹೇಳುವ ದಂಡ 1,000ದಿಂದ 5,000 ರೂಪಾಯಿ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ, ಗಮನ ಕೆಡದ ರೀತಿಯಲ್ಲಿ ದಾರಿ ನೋಡಿಕೊಳ್ಳಲು ಮಾತ್ರ ಫೋನನ್ನು ಬಳಸಬಹುದು ಎಂದಿತು. ಹಿಡಿಯುವುದಕ್ಕೆ ಈಗ ಕ್ಯಾಮೆರಾಗಳಿವೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2019ರ ಡಿಸೆಂಬರಿನಲ್ಲಿಯೇ ಫೋನ್ ಪತ್ತೆಯ ಕ್ಯಾಮೆರಾಗಳನ್ನು ಹಾಕಿ, ಮೊದಲ ಮೂರು ತಿಂಗಳು ಬರೀ ಎಚ್ಚರಿಕೆಯ ಪತ್ರ ಕಳಿಸಿ, ಆಮೇಲೆ ದಂಡ ವಿಧಿಸತೊಡಗಿತು. ನೆರೆಯ ಕೇರಳ 2023ರ ಜೂನಿನಿಂದ ಎಐ ಕ್ಯಾಮೆರಾಗಳ ಮೂಲಕ ಹೆಲ್ಮೆಟ್, ಸೀಟ್ ಬೆಲ್ಟ್ ಜೊತೆಗೆ ಫೋನನ್ನೂ ಹಿಡಿಯುತ್ತಿದೆ. ಕ್ಯಾಮೆರಾಕ್ಕೆ ಹೆದರುವುದು ಒಳ್ಳೆಯದೇ. ಆದರೆ ಕ್ಯಾಮೆರಾಕ್ಕೆ ಕೈ ಕಾಣುತ್ತದೆ, ಕಿವಿಯೊಳಗಿನ ಮಾತು ಕಾಣುವುದಿಲ್ಲ; ಮೇಲಾಗಿ ಶೇಕಡಾ 80ರಷ್ಟು ಕಾಡೇ ಇರುವ ಜಿಲ್ಲೆಯಲ್ಲಿ ಯಾವ ಮರಕ್ಕೆಂದು ಕ್ಯಾಮೆರಾ ಕಟ್ಟುವುದು?

ಗಾಡಿಯ ಒಳಗೇ ಕ್ಯಾಮೆರಾ ಇಡುವ ದಾರಿ ಇನ್ನೊಂದು. ಯುರೋಪಿನಲ್ಲಿ 2024ರ ಜುಲೈಯಿಂದ ಹೊಸ ಮಾದರಿಯ ವಾಹನಗಳಲ್ಲಿ ಚಾಲಕನ ಕಣ್ಣು ರಸ್ತೆಯಿಂದ ಸರಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದವರು ರೂಪಿಸಿದ ಹ್ಯಾಮ್ಸ್ ಎಂಬ ವ್ಯವಸ್ಥೆಯಲ್ಲಂತೂ ಗಾಜಿಗೆ ಅಂಟಿಸಿದ ಸಾಮಾನ್ಯ ಫೋನೇ ಮುಂದಿನ ಕ್ಯಾಮೆರಾದಿಂದ ಚಾಲಕನನ್ನೂ ಹಿಂದಿನ ಕ್ಯಾಮೆರಾದಿಂದ ರಸ್ತೆಯನ್ನೂ ನೋಡುತ್ತದೆ. 2019ರಿಂದ ಡೆಹ್ರಾಡೂನಿನಲ್ಲಿ ಅದನ್ನು ಲೈಸೆನ್ಸ್ ಪರೀಕ್ಷೆಗೆ ಬಳಸಲಾಗಿದೆ. ಕಳ್ಳನನ್ನೇ ಕಾವಲಿಗೆ ಹಾಕಿದ ಈ ಯುಕ್ತಿಯನ್ನು ಮೆಚ್ಚಬೇಕು.

ಆ ಕಡೆಯವರಿಗೆ ಹೇಳುವುದು

ನಾನು ಓದಿದ ಉಪಾಯಗಳೆಲ್ಲ ಚಾಲಕನ ಕೈ ಕಟ್ಟುವ ಬಗ್ಗೆಯೇ ತಲೆಕೆಡಿಸಿಕೊಂಡಿವೆ. ಟೆಂಪೋದ ಅಜ್ಜಿ ಮಾಡಿದ ಮೂರನೆಯ ಕೆಲಸ, ಕರೆ ಮಾಡಿದವರಿಗೆ ಕಾರಣ ಹೇಳುವುದು, ಹೆಚ್ಚಿನ ಕಡೆ ಅಡಿಟಿಪ್ಪಣಿಯಂತೆ ಬರುತ್ತದೆ. ನನಗೆ ಅದೇ ಮುಖ್ಯವೆನಿಸುತ್ತದೆ. ನಮ್ಮಲ್ಲಿ ಫೋನ್ ಎತ್ತುವುದು ಚಟಕ್ಕಿಂತ ಹೆಚ್ಚಾಗಿ ಮರ್ಯಾದೆಯ ಪ್ರಶ್ನೆ. ಹಿರಿಯರ ಕರೆಯನ್ನು ಕಟ್ ಮಾಡುವುದು ಅವರ ಎದುರು ಬಾಗಿಲು ಹಾಕಿದಂತೆ. ಅದರ ಮೇಲೆ ಹೆದರಿಕೆ ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಮೂರು ವಾರ ಕಳೆದೊಡನೆ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಮುರಿದುಬಿದ್ದ ಮೇಲೆ, ಈ ಕರಾವಳಿಯಲ್ಲಿ ಮನೆಯವರೊಬ್ಬರು ರಸ್ತೆಯ ಮೇಲಿದ್ದಾರೆ ಎಂದರೆ ಉಳಿದವರಿಗೆ ಫೋನು ಕೈಯಿಂದ ಇಳಿಯುವುದಿಲ್ಲ. ದೊಡ್ಡ ಕಾಯಿಲೆ ಎಂದರೆ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕಾದ ಜಿಲ್ಲೆ ನಮ್ಮದು, ರೋಗಿಯನ್ನು ಕೂರಿಸಿಕೊಂಡು ಹೊರಟವನಿಗೆ ದಾರಿಯುದ್ದಕ್ಕೂ ಬರುವ "ಎಲ್ಲಿದ್ದೆ?" ಎಂಬ ಕರೆಗಳು ಅಕ್ಕರೆಯವು. ಅಕ್ಕರೆಯನ್ನು ಬೀಗ ಹಾಕಿ ತಡೆಯಲು ಹೋದರೆ ಜನ ಬೀಗವನ್ನೇ ಒಡೆಯುತ್ತಾರೆ.

ಇದನ್ನು ಅರ್ಥಮಾಡಿಕೊಂಡ ವ್ಯವಸ್ಥೆಯೊಂದು ಬಂದಿತ್ತು. 2016ರಲ್ಲಿ ಸ್ಯಾಮ್‌ಸಂಗ್ ನಮ್ಮ ದೇಶದ ಬೈಕ್ ಸವಾರರಿಗೆಂದೇ ಗ್ಯಾಲಕ್ಸಿ ಜೆ3 ಫೋನಿನಲ್ಲಿ ಎಸ್ ಬೈಕ್ ಮೋಡ್ ಎಂಬುದನ್ನು ಕೊಟ್ಟಿತು. ಕರೆ ಮಾಡಿದವರಿಗೆ, ಇವರು ಬೈಕ್ ಓಡಿಸುತ್ತಿದ್ದಾರೆ, ತುರ್ತು ಇದ್ದರೆ ಒಂದನ್ನು ಒತ್ತಿ ಎಂಬ ಧ್ವನಿ ಕೇಳುತ್ತಿತ್ತು. ಒತ್ತಿದರೆ ಮಾತ್ರ ಸವಾರನ ಫೋನು ಬಾರಿಸುತ್ತಿತ್ತು. ಅದರ ಬಗ್ಗೆ ಓದಿದಾಗ ನನಗೆ ಅಜ್ಜಿಯ ದನಿಯೇ ಕಿವಿಯಲ್ಲಿ ಬಂತು: ಜರೂರಿದ್ರೆ ನಂಗೆ ಹೇಳು. ಮೀನು ತರಲು ಹೇಳುವುದಕ್ಕೆ ಯಾರೂ ಒಂದನ್ನು ಒತ್ತುವುದಿಲ್ಲ. ಐಫೋನು ಕೂಡ ಹೀಗೆಯೇ ಒಂದು ಮರುಮೆಸೇಜು ಕಳಿಸುತ್ತದೆ, ತುರ್ತು ಎಂದು ಬರೆದು ಕಳಿಸಿದರೆ ಒಳಗೆ ಬಿಡುತ್ತದೆ, ಆದರೆ ಅದು ಇಂಗ್ಲಿಷ್ ಓದಬಲ್ಲವರ ಮಾತಾಯಿತು.

ಫೋನಿನ ಕಂಪನಿಗಳಿಗಿಂತ ಹೆಚ್ಚಾಗಿ ಮೊಬೈಲ್ ಸೇವೆ ಕೊಡುವವರೇ ಇದನ್ನು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಆಗದ ಕೆಲಸವೇನೂ ಅಲ್ಲ. 2020ರಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲು ಕೆಮ್ಮು, ಆಮೇಲೆ ಕೊರೊನಾ ಎಚ್ಚರಿಕೆ ಕೇಳಿದ್ದನ್ನು ಯಾರು ಮರೆತಿದ್ದಾರೆ? ಕೀಪ್ಯಾಡ್ ಫೋನಿನವರಿಗೂ ಅದು ತಲುಪಿತ್ತು, ಅವರವರ ಭಾಷೆಯಲ್ಲಿ ತಲುಪಿತ್ತು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುವ ಅದೇ ಹೆಣ್ಣುದನಿ, ನಾನು ಹೊರಡುವಾಗ ಒಂದು ಗುಂಡಿ ಒತ್ತಿದರೆ, ಇವರು ಗಾಡಿ ಓಡಿಸುತ್ತಿದ್ದಾರೆ, ತುರ್ತು ಇದ್ದರೆ ಒಂದನ್ನು ಒತ್ತಿ ಎಂದು ಕನ್ನಡದಲ್ಲಿ ಹೇಳುವುದು ಎಷ್ಟರ ಮಾತು. ಎಲ್ಲಿದ್ದೇನೆಂದು ತೋರಿಸಲು ವಾಟ್ಸಾಪಿನ ಲೈವ್ ಲೊಕೇಶನ್ ಇದೆ ಎಂದು ನನ್ನ ಅಕ್ಕನ ಮಗ ಹೇಳುತ್ತಾನೆ. ಇದೆ, ನಾನೂ ಹಾಕುತ್ತೇನೆ. ಘಟ್ಟದಲ್ಲಿ ಟವರ್ ಹೋದೊಡನೆ ಆ ಚುಕ್ಕಿ ಒಂದೇ ತಿರುವಿನಲ್ಲಿ ಅಲುಗಾಡದೆ ನಿಂತುಬಿಡುತ್ತದೆ. ಅದನ್ನು ನೋಡುತ್ತ ಕುಳಿತವರ ಗಾಬರಿ ಇಮ್ಮಡಿಯಾಗುತ್ತದೆ.

ನನ್ನ ಆಯಿಯದು ಕೀಪ್ಯಾಡ್ ಫೋನು. ಅವಳಿಗೆ ಮೆಸೇಜು ಬೇಡ, ಚುಕ್ಕಿ ಬೇಡ. ದನದ ಪ್ರಸಂಗದ ನಂತರ ನಾನು ಅವಳೊಡನೆ ಒಂದು ಒಪ್ಪಂದ ಮಾಡಿಕೊಂಡೆ: ಹೊರಡುವಾಗ ಒಂದು ಫೋನು, ಮುಟ್ಟಿದ ಮೇಲೆ ಒಂದು ಫೋನು, ನಡುವೆ ನಾನು ಸಿಗುವುದಿಲ್ಲ. "ಯಾಕೆ, ಈಗ ಘಟ್ಟದಲ್ಲೂ ಟವರ್ ಬಂಜಲಾ?" ಎಂದು ಅವಳು ಕೇಳಿದಳು. ಬಂದರೂ ಬಂದಿಲ್ಲವೆಂದೇ ತಿಳಿದುಕೋ ಎಂದೆ. ಮೊದಲ ನಾಲ್ಕು ವಾರ ಒಪ್ಪಂದ ನಡೆಯಲಿಲ್ಲ. ಖಾನೆಯೊಳಗೆ ಫೋನು ಗುನುಗುಡುವುದು ಕೇಳಿಸುತ್ತಿತ್ತು, ಕುಮಟಾದಲ್ಲಿ ತೆಗೆದು ನೋಡಿದರೆ ಆಯಿಯ ಮೂರು ಮಿಸ್ಡ್ ಕಾಲ್ ಇರುತ್ತಿದ್ದವು. ಆಮೇಲೆ ಅದು ಎರಡಾಯಿತು, ಒಂದಾಯಿತು.

ಕಳೆದ ತಿಂಗಳು ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದೆ. ಮುಂಡಗೋಡ ದಾಟಿದ ಮೇಲೆ ಅಲ್ಲಿ ಘಟ್ಟದ ಹೆಸರಿಲ್ಲ, ನೋಡಿದಷ್ಟು ದೂರ ಬಯಲು, ಫೋನಿನಲ್ಲಿ ನಾಲ್ಕೂ ಕಡ್ಡಿ. ಹುಬ್ಬಳ್ಳಿ ಮುಟ್ಟಿ ಮನೆಗೆ ಫೋನ್ ಮಾಡಿದಾಗ, ದಾರಿಯಲ್ಲಿದ್ದ ನನಗೆ ಫೋನ್ ಹಚ್ಚಿ ಸಿಗದೆ ಅಕ್ಕ ಆಯಿಗೆ ಫೋನ್ ಮಾಡಿ ವಿಚಾರಿಸಿದ್ದಳೆಂದು ತಿಳಿಯಿತು. ನಮ್ಮ ಮಾತಿನಲ್ಲಿ "ಇದ್ದ" ಎಂದರೆ ಇದ್ದಾನೆ ಎಂದೇ ಅರ್ಥ ಎಂಬುದನ್ನು ಬೇರೆ ಊರಿನವರಿಗಾಗಿ ಇಲ್ಲಿ ಹೇಳಿಬಿಡುತ್ತೇನೆ. ಆಯಿ ಅಕ್ಕನಿಗೆ ಕೊಟ್ಟ ಉತ್ತರ ಇದು:

"ಅಂವ ಈಗ ಘಟ್ಟದಲ್ಲಿದ್ದ. ಆಮೇಲೆ ಮಾಡು."